'ಇನ್ನೂ ಕಟ್ಟಿಲ್ವಾ?'

2023ರ ಅಕ್ಟೋಬರ್. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್‌ನಲ್ಲಿ ದೀಪ ಮಾರುವವನೊಬ್ಬ ನನ್ನನ್ನು ಕೂರಿಸಿ ಟೀ ತರಿಸಿದ. ನಾನಿನ್ನೂ ಒಂದು ಪೈಸೆ ವ್ಯಾಪಾರ ಮಾಡಿರಲಿಲ್ಲ. ಯಾವೂರು ಅಂತ ಕೇಳಿದ. ಇರೋದು ಮ್ಯೂನಿಕ್, ಊರು ಮೈಸೂರು ಅಂದೆ. ನಮ್ಮಲ್ಲೂ ಹಳೇ ಮಾರ್ಕೆಟ್ ಇದೆ ಅಂತ ಫೋನಿನಲ್ಲಿ ದೇವರಾಜ ಮಾರುಕಟ್ಟೆಯ ಫೋಟೊ ತೋರಿಸಿದೆ. ಕುಂಕುಮದ ಗುಡ್ಡೆ, ಹೂವಿನ ರಾಶಿ ನೋಡಿ ಖುಷಿಪಟ್ಟ. ಮುಂದಿನ ಫೋಟೊದಲ್ಲಿ ಧನ್ವಂತ್ರಿ ರಸ್ತೆ ಕಡೆಯ ಕುಸಿದ ಭಾಗ ಇತ್ತು. ಯಾವಾಗ ಬಿತ್ತು ಅಂದ. 2016 ಅಂದೆ.

'ಇನ್ನೂ ಕಟ್ಟಿಲ್ವಾ?'

ಚುಚ್ಚಬೇಕು ಅಂತ ಕೇಳಿದ್ದಲ್ಲ. ಆದರೂ ಚುಚ್ಚಿತು.

ಅವರ ಬಜಾರ್ ಕಟ್ಟಲು ಶುರುಮಾಡಿದ್ದು 1455ರ ಸುಮಾರಿಗೆ. ಅರವತ್ತಕ್ಕೂ ಜಾಸ್ತಿ ಬೀದಿ, ಸಾವಿರಾರು ಅಂಗಡಿ, ಎಲ್ಲಾ ಸೂರಿನಡಿಯಲ್ಲೇ. 1894ರಲ್ಲಿ ಭೂಕಂಪ ಆಯಿತು. 1954ರಲ್ಲಿ ಬೆಂಕಿ ಬಿತ್ತು. ಎರಡು ಸಲವೂ ಹಾಳಾದದ್ದನ್ನು ರಿಪೇರಿ ಮಾಡಿ, ಅದೇ ಜಾಗದಲ್ಲಿ ಮತ್ತೆ ಬಾಗಿಲು ತೆಗೆದರು. ನಮ್ಮಲ್ಲಿ ಏನಾಯಿತು? ಕೆಡವಬೇಕೋ ಉಳಿಸಬೇಕೋ ಅಂತ ಸಮಿತಿ, ವರದಿ, ಕೋರ್ಟು. ಏಳು ವರ್ಷ ಹೀಗೇ ಹೋಯಿತು. ಅಷ್ಟೂ ದಿನ ಮಳೆ ನೀರು ಗೋಡೆಗೆ ಇಳಿಯುತ್ತಲೇ ಇತ್ತು. ಮೈಸೂರಿನದೇ ಇನ್ನೊಂದು ಹಳೇ ಕಟ್ಟಡ, ಲ್ಯಾನ್ಸ್‌ಡೌನ್, 2012ರಲ್ಲಿ ಕುಸಿದು ಜನ ಸತ್ತರು. ಅದಾದ ಮೇಲಾದರೂ ಬುದ್ಧಿ ಬರಬೇಕಿತ್ತು, ಅಲ್ವಾ? ಹಳೇದನ್ನು ನೋಡಿ ಹೆಮ್ಮೆಪಡೋಕೆ ನಾವು ಯಾವಾಗಲೂ ಮುಂದು. ವರ್ಷಕ್ಕೊಮ್ಮೆ ಸೂರಿನ ಹೆಂಚು ತಿರುವಿ ಹಾಕೋಕೆ ಮಾತ್ರ ಯಾರೂ ಸಿಗಲ್ಲ. ನನಗೆ ಕೋಪ ಬರೋದು ಇದಕ್ಕೇ.

ಒಂದು ಮಾತು ಒಪ್ಪಲೇಬೇಕು. ಮನೆಗೆ ತರಕಾರಿ ಎಲ್ಲಿಂದ ತರ್ತೀರಿ ಅಂತ ಆ ದೀಪದವನನ್ನು ಕೇಳಿದೆ. ನಮ್ಮ ಬೀದಿಯಲ್ಲಿ ವಾರದ ಸಂತೆ ಇದೆ, ಇಲ್ಲಿ ಯಾರು ಕೊಳ್ತಾರೆ, ಇದೆಲ್ಲ ಪ್ರವಾಸಿಗಳಿಗೆ ಅಂದ. ನನ್ನ ಸುತ್ತ ಇದ್ದವರೂ ಬಹುಪಾಲು ನನ್ನಂಥ ಪರವೂರಿನವರೇ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಆಯುಧಪೂಜೆಗೆ ಅದೇ ಮಾರ್ಕೆಟ್ಟಿಗೆ ಹೋಗಿ ಬಂದಿದ್ದಳು. ಬೂದುಗುಂಬಳ, ಬಾಳೆಕಂದು, ಎರಡು ಕಟ್ಟು ಚಿಗುರೆಲೆ, ನಾಲ್ಕು ಮಾರು ಸೇವಂತಿಗೆ. ಹೂವಿನವಳು ನನ್ನನ್ನು ವಿಚಾರಿಸಿದಳಂತೆ, ಮಗ ಈ ಹಬ್ಬಕ್ಕೂ ಬರಲಿಲ್ವಾ ಅಂತ.