ದಾಳಿ ‘ನಡೆಯಿತು’, ಸರಿ, ನಡೆಸಿದವರು ಯಾರು?

ನಿನ್ನೆ ರಾತ್ರಿ ನಿದ್ದೆ ಬಾರದೆ ಹಳೆಯ ವಿಡಿಯೊ ಒಂದನ್ನು ಮತ್ತೊಮ್ಮೆ ನೋಡಿದೆ. ಅದು 2022ರ ಫೆಬ್ರುವರಿ 23ರ ರಾತ್ರಿ ನ್ಯೂಯಾರ್ಕಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ತುರ್ತು ಸಭೆ. ಲಾಳದ ಆಕಾರದ ಆ ಮೇಜಿನ ಸುತ್ತ ಕುಳಿತ ರಾಯಭಾರಿಗಳು ಮೊದಲೇ ಸಿದ್ಧಪಡಿಸಿ ತಂದ ಭಾಷಣಗಳನ್ನು ಒಬ್ಬರಾದ ಮೇಲೊಬ್ಬರು ಓದುತ್ತಿದ್ದಾರೆ. ಉದ್ವಿಗ್ನತೆ ಶಮನವಾಗಬೇಕು, ಮಾತುಕತೆಗೆ ಇನ್ನೂ ಅವಕಾಶವಿದೆ ಎನ್ನುತ್ತಿದ್ದಾರೆ. ಅವರು ಓದುತ್ತಿರುವಾಗಲೇ ಅತ್ತ ಮಾಸ್ಕೊದಲ್ಲಿ ಪುಟಿನ್ ಟಿ.ವಿ. ಪರದೆಯ ಮೇಲೆ ಬಂದು ‘ವಿಶೇಷ ಸೇನಾ ಕಾರ್ಯಾಚರಣೆ’ಯನ್ನು ಘೋಷಿಸಿಬಿಟ್ಟರು. ಆ ತಿಂಗಳು ಮಂಡಳಿಯ ಅಧ್ಯಕ್ಷತೆ ಸರದಿಯ ಪ್ರಕಾರ ರಷ್ಯಾದ್ದಾಗಿತ್ತು. ಅಂದರೆ ದಾಳಿ ಮಾಡುವ ದೇಶದ ರಾಯಭಾರಿಯೇ ದಾಳಿ ತಡೆಯಲು ಕರೆದ ಸಭೆಯನ್ನು ನಡೆಸಿಕೊಡುತ್ತಿದ್ದರು. ಉಕ್ರೇನಿನ ರಾಯಭಾರಿ ಸೆರ್ಗಿ ಕಿಸ್ಲಿತ್ಸ್ಯಾ ಅವರು ಫೋನನ್ನು ಎತ್ತಿ ಹಿಡಿದು, ನಿಮ್ಮ ವಿದೇಶಾಂಗ ಸಚಿವ ಲಾವ್ರೋವ್ ಅವರಿಗೆ ಈಗಲೇ ಕರೆ ಮಾಡಿ, ಬೇಕಿದ್ದರೆ ಸಭೆಗೆ ಸ್ವಲ್ಪ ಬಿಡುವು ಕೊಡೋಣ ಎಂದರೆ, ಅಧ್ಯಕ್ಷ ಪೀಠದಲ್ಲಿದ್ದ ನೆಬೆಂಜಿಯಾ ಅವರು ಈ ಹೊತ್ತಿನಲ್ಲಿ ಸಚಿವರನ್ನು ಎಬ್ಬಿಸುವ ಉದ್ದೇಶ ತಮಗಿಲ್ಲ ಎಂದುಬಿಟ್ಟರು. ನೆರೆಯ ದೇಶದ ಮೇಲೆ ಕ್ಷಿಪಣಿಗಳು ಬೀಳುವ ಹೊತ್ತಿಗೆ ಸಚಿವರ ನಿದ್ದೆಯ ಚಿಂತೆ!

ನನ್ನನ್ನು ಬಲ್ಲವರಿಗೆ ಈ ಸಿಟ್ಟಿನ ಮೂಲವೂ ಗೊತ್ತಿದೆ. ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿದವಳು ನಾನು. ವಿದೇಶ ಪುಟ ನನ್ನ ಪಾಲಿನದು. ಏಜೆನ್ಸಿ ಕಾಪಿಯನ್ನು ಕನ್ನಡಕ್ಕೆ ತರುವಾಗ ಪ್ರತಿ ಸಲವೂ ಒಂದೇ ಕಡೆ ಎಡವುತ್ತಿದ್ದೆ. ರಾಜತಾಂತ್ರಿಕರ ವಾಕ್ಯದಲ್ಲಿ ಕರ್ಮಪದವಿರುತ್ತದೆ, ಕ್ರಿಯಾಪದವಿರುತ್ತದೆ, ಕರ್ತೃಪದ ಮಾತ್ರ ನಾಪತ್ತೆಯಾಗಿರುತ್ತದೆ. ಕನ್ನಡದ ಜಾಯಮಾನಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ. ಇಂಥವರು ಹೊಡೆದರು, ಇಂಥವರು ಹೊಡೆಸಿಕೊಂಡರು ಎಂದು ಹೇಳುವ ಭಾಷೆ ನಮ್ಮದು. ಆದರೂ ನುಣುಚಿಕೊಳ್ಳಲು ನಮಗೂ ಒಂದು ಕಳ್ಳದಾರಿ ಇದೆ, ಅದು ‘ದಾಳಿ ನಡೆದಿದೆ’ ಎಂಬುದು. ದಾಳಿಯೇನು ತನ್ನಷ್ಟಕ್ಕೆ ತಾನೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗಡಿ ದಾಟಿ ನಡೆದುಹೋಯಿತೇ?

ಈ ಹೇಳಿಕೆಗಳಿಗೂ ಒಂದು ಏಣಿಯುಂಟು. ಕೆಳಗಿನ ಮೆಟ್ಟಿಲು ‘ಕಳವಳ’, ಅದರ ಮೇಲೆ ‘ತೀವ್ರ ಕಳವಳ’, ಆಮೇಲೆ ‘ವಿಷಾದ’, ತುತ್ತತುದಿಯಲ್ಲಿ ‘ಖಂಡನೆ’. ಯಾವ ದೇಶ ಯಾವ ಮೆಟ್ಟಿಲಲ್ಲಿ ನಿಂತಿತು ಎಂಬುದನ್ನು ವಿದೇಶಾಂಗ ಕಚೇರಿಗಳು ಭೂತಗನ್ನಡಿ ಹಿಡಿದು ನೋಡುತ್ತವೆ. ಆದರೆ ನನಗೆ ಆ ಏಣಿಗಿಂತ ಮುಖ್ಯವಾಗಿ ಕಾಣುವುದು ಹೆಸರು. ಭದ್ರತಾ ಮಂಡಳಿಯ ಪತ್ರಿಕಾ ಹೇಳಿಕೆಗೆ ಹದಿನೈದೂ ಸದಸ್ಯರು ಒಪ್ಪಬೇಕು. ಹಾಗಾಗಿ ಯಾರಿಗೆ ಯಾವ ಪದ ಚುಚ್ಚುತ್ತದೆಯೋ ಅದನ್ನು ಕೆರೆದು ಕೆರೆದು ಕೊನೆಗೆ ಉಳಿಯುವುದು ಯಾರಿಗೂ ನೋವಾಗದ ಒಂದು ವಾಕ್ಯ. 2025ರ ಸೆಪ್ಟೆಂಬರ್ 9ರಂದು ದೋಹಾ ನಗರದ ಮೇಲೆ ಇಸ್ರೇಲ್ ವಾಯುದಾಳಿ ಮಾಡಿತು, ಮಾಡಿದ್ದು ತಾನೇ ಎಂದು ಬಹಿರಂಗವಾಗಿ ಹೇಳಿಕೊಂಡಿತು ಕೂಡ. ಎರಡು ದಿನಗಳ ಬಳಿಕ ಬಂದ ಮಂಡಳಿಯ ಹೇಳಿಕೆ ದಾಳಿಯನ್ನು ಖಂಡಿಸಿತು, ಇಸ್ರೇಲ್ ಎಂಬ ಪದ ಮಾತ್ರ ಅದರಲ್ಲಿ ಇರಲಿಲ್ಲ. ಮಾಡಿದವನೇ ಒಪ್ಪಿಕೊಂಡ ಕೆಲಸಕ್ಕೂ ಕರ್ತೃಪದ ಸಿಗಲಿಲ್ಲವೆಂದರೆ ಇನ್ನೇನು ಹೇಳುವುದು?

ಹೆಸರು ಹೇಳಲು ಬಾರದೆ ಹೀಗಾಗುತ್ತದೆ ಎಂದು ಯಾರೂ ತಿಳಿಯಬೇಕಿಲ್ಲ. ಮನಸ್ಸಿದ್ದಾಗ ಹೇಗೆ ಬರುತ್ತದೆ ಎಂಬುದಕ್ಕೆ ಒಂದೇ ದೇಶ, ಒಬ್ಬನೇ ನಾಯಕ ಮಾಡಿದ ಎರಡು ದಾಳಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನೊಳಗೆ ನುಗ್ಗಿತು. ಅದೇ ದಿನ ಭದ್ರತಾ ಮಂಡಳಿ 660ನೇ ನಿರ್ಣಯವನ್ನು ಅಂಗೀಕರಿಸಿ, ‘ಕುವೈತಿನ ಮೇಲೆ ಇರಾಕಿನ ಆಕ್ರಮಣ’ ಎಂದು ಹೆಸರು ಹಿಡಿದೇ ಖಂಡಿಸಿತು. ಇರಾಕ್ ತನ್ನ ಪಡೆಗಳನ್ನು ಆಗಸ್ಟ್ 1ರಂದು ಎಲ್ಲಿದ್ದವೋ ಅಲ್ಲಿಗೇ, ಬೇಷರತ್ತಾಗಿ ಹಿಂತೆಗೆದುಕೊಳ್ಳಬೇಕು ಎಂದಿತು. ಯಾರು, ಯಾರ ಮೇಲೆ, ಎಲ್ಲಿಗೆ ಮರಳಬೇಕು ಎಲ್ಲವೂ ಇದ್ದ ಆ ಕಾಪಿಯನ್ನು ಅನುವಾದಿಸುವುದು ಯಾವ ಉಪಸಂಪಾದಕಿಗಾದರೂ ಹಬ್ಬ.

ಇನ್ನು ಹತ್ತು ವರ್ಷ ಹಿಂದಕ್ಕೆ ಬನ್ನಿ. 1980ರ ಸೆಪ್ಟೆಂಬರ್ 17ರಂದು ಸದ್ದಾಂ ಹುಸೇನ್ ಇರಾನಿನೊಂದಿಗಿನ ಗಡಿ ಒಪ್ಪಂದವಾದ 1975ರ ಅಲ್ಜೀರ್ಸ್ ಒಪ್ಪಂದವನ್ನು ತಿರಸ್ಕರಿಸಿದರು. 22ರಂದು ಅದೇ ಇರಾಕಿನ ಸೈನ್ಯ ಇನ್ನೊಂದು ನೆರೆ ದೇಶವಾದ ಇರಾನಿನೊಳಗೆ ನುಗ್ಗಿತು. ಮಂಡಳಿಯ 479ನೇ ನಿರ್ಣಯ ಬಂದದ್ದು ಆರು ದಿನಗಳ ನಂತರ, ಅದೂ ಸರ್ವಾನುಮತದಿಂದ. ಅದರಲ್ಲಿ ಆಕ್ರಮಣವೆಂಬ ಮಾತಿಲ್ಲ, ಖಂಡನೆಯಿಲ್ಲ, ಹಿಂದೆ ಸರಿಯಿರಿ ಎಂಬ ಸೂಚನೆಯೂ ಇಲ್ಲ. ಅದು ಹೇಳಿದ್ದಿಷ್ಟೇ: ಇರಾನ್ ಮತ್ತು ಇರಾಕ್ ಇನ್ನು ಮುಂದೆ ಬಲಪ್ರಯೋಗ ಮಾಡಬಾರದು. ಇರಾಕಿ ಟ್ಯಾಂಕುಗಳು ಇರಾನಿನ ಖುಜೆಸ್ತಾನ್ ಪ್ರಾಂತ್ಯದೊಳಗೆ ನಿಂತಿರುವಾಗ ‘ಇನ್ನು ಮುಂದೆ’ ಎಂದರೆ, ಅಲ್ಲಿಯವರೆಗೆ ಕಬಳಿಸಿದ್ದನ್ನು ಹಾಗೆಯೇ ಇಟ್ಟುಕೊಳ್ಳಬಹುದು ಎಂದೇ ತಾನೆ ಅರ್ಥ? ಪಡೆಗಳು ಅಂತರರಾಷ್ಟ್ರೀಯ ಗಡಿಗೆ ಮರಳಬೇಕೆಂದು ಮಂಡಳಿಗೆ ಮೊದಲು ಹೊಳೆದದ್ದು 1982ರ ಜುಲೈನಲ್ಲಿ. ಅಷ್ಟರಲ್ಲಿ ಇರಾನ್, ಇರಾಕಿನ ವಶವಾಗಿದ್ದ ತನ್ನ ನಗರ ಖುರ್ರಮ್‌ಶಹರನ್ನು ಮರಳಿ ಗೆದ್ದು, ಇರಾಕಿನೊಳಗೆ ಕಾಲಿಡಲು ಸಿದ್ಧವಾಗಿತ್ತು! ಮಂಡಳಿಗೆ ಗಡಿಯ ಪಾವಿತ್ರ್ಯ ನೆನಪಾದ ಆ ಮುಹೂರ್ತವನ್ನು ಗಮನಿಸಿ.

ಕಾರಣ ಗುಟ್ಟಿನದೇನಲ್ಲ. ಆಗ ಟೆಹರಾನ್ ಅಮೆರಿಕದ 52 ಮಂದಿಯನ್ನು ಒತ್ತೆಯಾಳುಗಳನ್ನಾಗಿ ಇರಿಸಿಕೊಂಡು ರಾಜತಾಂತ್ರಿಕ ನಿಯಮಗಳನ್ನೆಲ್ಲ ಗಾಳಿಗೆ ತೂರಿತ್ತು, ಅದಕ್ಕೆ ಸ್ನೇಹಿತರು ಇರಲಿಲ್ಲ. ಆದರೆ ಮನೆಯೊಡೆಯ ಕೆಟ್ಟವನೆಂಬ ಕಾರಣಕ್ಕೆ ಕನ್ನ ಹಾಕಿದವನ ಹೆಸರು ದಾಖಲೆಯಿಂದ ಬಿಟ್ಟುಹೋಗಬೇಕೇ? 1980ರ ಸೆಪ್ಟೆಂಬರ್ 22ರ ದಾಳಿಗೆ ವಿಶ್ವಸಂಸ್ಥೆಯ ಸನ್ನದಿನಡಿ ಸಮರ್ಥನೆಯಿಲ್ಲವೆಂದು ಪ್ರಧಾನ ಕಾರ್ಯದರ್ಶಿ ಪೆರೆಸ್ ದಿ ಕ್ವೆಯಾರ್ ವರದಿ ಕೊಟ್ಟದ್ದು 1991ರ ಡಿಸೆಂಬರ್ 9ರಂದು, ಅಂದರೆ ಹನ್ನೊಂದು ವರ್ಷಗಳ ಮೇಲೆ. ಅಷ್ಟರಲ್ಲಿ ಇರಾಕ್ ಎಲ್ಲರಿಗೂ ಬೇಡವಾಗಿತ್ತು, ಹಾಗಾಗಿ ಹೆಸರೂ ಸುಲಭವಾಗಿ ಬಾಯಿಗೆ ಬಂತು.

ಹೆಸರಿಸಿದರೆ ಏನು ಬಂತು ಭಾಗ್ಯ ಎನ್ನುವವರಿಗೆ ಈ ಲೆಕ್ಕವೊಂದನ್ನು ತೋರಿಸುತ್ತೇನೆ. ಕುವೈತಿನ ವಿಷಯದಲ್ಲಿ ಇರಾಕೇ ಹೊಣೆ ಎಂದು 687ನೇ ನಿರ್ಣಯ ಬರೆದಿಟ್ಟ ಕಾರಣದಿಂದಲೇ ಪರಿಹಾರ ಆಯೋಗವೊಂದು ಹುಟ್ಟಿತು. ಇರಾಕಿನ ತೈಲ ವರಮಾನದ ಒಂದು ಪಾಲಿನಿಂದ ಸುಮಾರು 15 ಲಕ್ಷ ಅರ್ಜಿದಾರರಿಗೆ ಒಟ್ಟು 5,240 ಕೋಟಿ ಡಾಲರ್ ಸಂದಾಯವಾಗಿ, 2022ರ ಜನವರಿಯಲ್ಲಿ ಕೊನೆಯ ಕಂತು ತೀರಿತು. ಎಂಟು ವರ್ಷ ಯುದ್ಧ ಕಂಡ ಇರಾನಿಗೆ ಆ ಯುದ್ಧದ ಬಾಬ್ತು ಅಂಥ ಆಯೋಗವೂ ಇಲ್ಲ, ಕಂತೂ ಇಲ್ಲ. ಆದ್ದರಿಂದ ಕರ್ತೃಪದವೆಂಬುದು ನನ್ನಂಥ ವ್ಯಾಕರಣದ ಹುಚ್ಚಿನವರ ಗೀಳಷ್ಟೇ ಎಂದು ದಯವಿಟ್ಟು ತಳ್ಳಿಹಾಕಬೇಡಿ.

ದೊಡ್ಡವರ ವಿಷಯ ಬಂದರಂತೂ ಕೇಳುವುದೇ ಬೇಡ. ಸೋವಿಯತ್ ಸೈನ್ಯ ಅಫ್ಗಾನಿಸ್ತಾನವನ್ನು ಹೊಕ್ಕಾಗ, 1980ರ ಜನವರಿ 14ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆ 104 ಮತಗಳಿಂದ ನಿರ್ಣಯ ಅಂಗೀಕರಿಸಿತು. ಅದು ‘ವಿದೇಶಿ ಪಡೆಗಳು’ ಹಿಂದೆ ಸರಿಯಬೇಕು ಎಂದಿತು. 1983ರಲ್ಲಿ ಅಮೆರಿಕ ಗ್ರೆನಡಾಕ್ಕೆ ನುಗ್ಗಿದಾಗ 108 ಮತಗಳಿಂದ ಇನ್ನೊಂದು ನಿರ್ಣಯ. ಅಲ್ಲಿಯೂ ‘ವಿದೇಶಿ ಪಡೆಗಳು’. ಯಾವ ವಿದೇಶವೆಂದು ಓದುಗರೇ ಊಹಿಸಿಕೊಳ್ಳಬೇಕು. ಜಗತ್ತನ್ನು ಎರಡು ಹೋಳು ಮಾಡಿಕೊಂಡು ಕಾದಾಡುತ್ತಿದ್ದವರಿಗೆ ಈ ಒಂದು ಮರ್ಯಾದೆ ಮಾತ್ರ ಸಮನಾಗಿ ಸಿಕ್ಕಿತು. (ಸೋವಿಯತ್ತನ್ನು ಬೈದೆ, ಅಮೆರಿಕವನ್ನು ಬಿಟ್ಟೆ ಎಂದು ಜಗಳಕ್ಕೆ ಬರಲಿದ್ದ ಗೆಳೆಯರಿಗೆ ಈ ಪ್ಯಾರಾ ಅರ್ಪಣೆ.)

2022ರ ಮಾರ್ಚ್ 2ರಂದು ಈ ಚಾಳಿ ತಪ್ಪಿತೆಂದು ನಾನು ನಿಜಕ್ಕೂ ಸಂತೋಷಪಟ್ಟಿದ್ದೆ. ಭದ್ರತಾ ಮಂಡಳಿಯಲ್ಲಿ ರಷ್ಯಾ ವಿಟೊ ಚಲಾಯಿಸಿದ್ದರಿಂದ ವಿಷಯ ಸಾಮಾನ್ಯ ಸಭೆಗೆ ಹೋಗಿ, 141 ದೇಶಗಳು ‘ಉಕ್ರೇನಿನ ಮೇಲೆ ರಷ್ಯಾದ ಆಕ್ರಮಣ’ ಎಂದು ಸ್ಪಷ್ಟವಾಗಿ ಹೇಳಿದವು. ವಿರೋಧಿಸಿದ್ದು ಐದೇ ದೇಶಗಳು. ಭಾರತ ಸೇರಿ 35 ದೇಶಗಳು ಮತದಾನದಿಂದ ದೂರ ಉಳಿದವು. ಆದರೆ ಮೂರು ವರ್ಷ ಕಳೆದು 2025ರ ಫೆಬ್ರುವರಿ 24ರಂದು ಭದ್ರತಾ ಮಂಡಳಿ ಅಂಗೀಕರಿಸಿದ 2774ನೇ ನಿರ್ಣಯದಲ್ಲಿ ಅದೇ ಯುದ್ಧ ‘ರಷ್ಯಾ ಮತ್ತು ಉಕ್ರೇನ್ ನಡುವಣ ಸಂಘರ್ಷ’ವಾಗಿತ್ತು. ಕರಡು ಅಮೆರಿಕದ್ದು. ಅಂಥದೇ ಕರಡನ್ನು ಅದೇ ದಿನ ಸಾಮಾನ್ಯ ಸಭೆಯಲ್ಲಿ ಮಂಡಿಸಿದಾಗ, ಯುರೋಪಿನ ದೇಶಗಳು ತಿದ್ದುಪಡಿ ತಂದು ರಷ್ಯಾದ ಆಕ್ರಮಣವೆಂಬ ಮಾತನ್ನು ಸೇರಿಸಿಬಿಟ್ಟವು. ಆಗ ಅಮೆರಿಕ ತಾನೇ ಮಂಡಿಸಿದ ಕರಡಿಗೆ ತಾನೇ ಮತ ಹಾಕದೆ ತಟಸ್ಥವಾಯಿತು. ಹೆತ್ತ ಕೂಸಿಗೆ ಹೆಸರಿಟ್ಟರೆಂದು ತಾಯಿಯೇ ಮುನಿಸಿಕೊಂಡಂತೆ!

ಈಗ ಇನ್ನೊಂದು ಪಕ್ಷದ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ವಿದೇಶಾಂಗ ವ್ಯವಹಾರ ಬಲ್ಲ ನನ್ನ ಹಳೆಯ ಸಹೋದ್ಯೋಗಿ ಫೋನ್ ಮಾಡಿ ಬೈಯುತ್ತಾರೆ. ಸಂಧಾನ ಮಾಡುವವರು ಬೆರಳು ತೋರಿಸಬಾರದು, ಹೆಸರಿಸಿದರೆ ಮಾತುಕತೆಯ ಬಾಗಿಲು ಮುಚ್ಚುತ್ತದೆ ಎಂಬುದು ಅವರ ವಾದ. ಇಬ್ಬರ ನಡುವೆ ನಿಜವಾಗಿ ಓಡಾಡುತ್ತಿರುವವರು ಬಾಯಿ ಬಿಗಿಹಿಡಿಯಲಿ, ನನ್ನ ತಕರಾರಿಲ್ಲ. ಆದರೆ ಹೇಳಿಕೆ ಕೊಟ್ಟು ಊಟಕ್ಕೆ ಹೋಗುವ ನೂರಾರು ದೇಶಗಳೆಲ್ಲ ಸಂಧಾನಕಾರರೇ? 2008ರ ಮಾರ್ಚ್ 1ರಂದು ಕೊಲಂಬಿಯಾ ಪಡೆಗಳು ಗಡಿ ದಾಟಿ ಈಕ್ವೆಡಾರಿನೊಳಗಿದ್ದ ಬಂಡುಕೋರರ ಶಿಬಿರದ ಮೇಲೆ ಬಾಂಬ್ ಹಾಕಿದವು. ಈಕ್ವೆಡಾರ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು, ವೆನೆಜುವೆಲಾ ಗಡಿಗೆ ಸೈನ್ಯ ಕಳಿಸಿತು. 5ರಂದು ಅಮೆರಿಕ ಖಂಡದ ದೇಶಗಳ ಒಕ್ಕೂಟವಾದ ಒಎಎಸ್, ಕೊಲಂಬಿಯಾದ ಕೃತ್ಯ ಈಕ್ವೆಡಾರಿನ ಸಾರ್ವಭೌಮತ್ವದ ಉಲ್ಲಂಘನೆ ಎಂದು ಹೆಸರು ಹಿಡಿದು ಹೇಳಿತು. ಖಂಡನೆಯೆಂಬ ಪದವನ್ನು ಮಾತ್ರ ಬಳಸಲಿಲ್ಲ. 7ರಂದು ಸಾಂಟೊ ಡೊಮಿಂಗೊದ ಶೃಂಗಸಭೆಯಲ್ಲಿ ಕೊಲಂಬಿಯಾದ ಅಧ್ಯಕ್ಷ ಉರಿಬೆ ಕ್ಷಮೆ ಕೇಳಿ ಕೈಕುಲುಕಿದರು. ಸಂಬಂಧ ಪೂರ್ತಿ ಸರಿಹೋಗಲು ಮತ್ತೆ ಎರಡೂವರೆ ವರ್ಷ ಬೇಕಾಯಿತು, ಒಪ್ಪುತ್ತೇನೆ. ಆದರೆ ಹೆಸರು ಹೇಳಿದ ಮಾತ್ರಕ್ಕೆ ಬಾಗಿಲು ಮುಚ್ಚಲಿಲ್ಲವಲ್ಲ!

ಇಷ್ಟೆಲ್ಲ ಬರೆದು ನಮ್ಮವರನ್ನು ಬಿಟ್ಟರೆ ಈ ಸಿಟ್ಟಿಗೆ ಅರ್ಥವಿಲ್ಲ. 1980ರಲ್ಲಿ ಅಫ್ಗಾನಿಸ್ತಾನದ ನಿರ್ಣಯಕ್ಕೂ ಭಾರತ ಮತ ಹಾಕಲಿಲ್ಲ. 2024ರ ಜನವರಿಯಲ್ಲಿ ಇರಾನ್ ಪಾಕಿಸ್ತಾನದ ಬಲೂಚಿಸ್ತಾನದ ಮೇಲೆ ಕ್ಷಿಪಣಿ ಹಾರಿಸಿದಾಗ ನಮ್ಮ ವಿದೇಶಾಂಗ ಸಚಿವಾಲಯ, ಅದು ಆ ಎರಡು ದೇಶಗಳ ನಡುವಿನ ವಿಷಯ ಎಂದು ಆರಂಭಿಸಿ, ಆತ್ಮರಕ್ಷಣೆಗಾಗಿ ದೇಶಗಳು ಕೈಗೊಳ್ಳುವ ಕ್ರಮ ತನಗೆ ಅರ್ಥವಾಗುತ್ತದೆ ಎಂದು ಮುಗಿಸಿತು. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಕಾಣುವ ಆ ಮಾತಿನಲ್ಲಿ ದೀಪದ ಬೆಳಕು ಯಾವ ಕಡೆ ಹೆಚ್ಚು ಬಿದ್ದಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಅದೇ 2025ರ ಮೇ 7ರಂದು ಭಾರತ, ಪಾಕಿಸ್ತಾನ ‘ಎರಡೂ ದೇಶಗಳು’ ಗರಿಷ್ಠ ಸಂಯಮ ತೋರಬೇಕೆಂದು ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಗುಟೆರಸ್ ಹೇಳಿದಾಗ ನಮಗೆಲ್ಲ ಎಷ್ಟು ಉರಿಯಿತು! ಜೂನಿನಲ್ಲಿ ಶಾಂಘೈ ಸಹಕಾರ ಸಂಘಟನೆಯ ರಕ್ಷಣಾ ಸಚಿವರು ಚೀನಾದ ಚಿಂಗ್‌ದಾವ್‌ನಲ್ಲಿ ಸೇರಿದ್ದರು. ಜಂಟಿ ಹೇಳಿಕೆಯಲ್ಲಿ ಪಹಲ್ಗಾಮ್‌ನ ಹೆಸರಿಲ್ಲವೆಂದು ರಾಜನಾಥ್ ಸಿಂಗ್ ಸಹಿ ಹಾಕಲು ನಿರಾಕರಿಸಿದರು. ಸರಿಯಾಗಿಯೇ ಮಾಡಿದರು, ಅಂದು ನಾನೂ ಚಪ್ಪಾಳೆ ತಟ್ಟಿದ್ದೆ. ನಮ್ಮ ಗಾಯಕ್ಕೆ ಹೆಸರು ಬೇಕೆನ್ನುವ ನಾವು ಕೀವ್‌ನ ಗಾಯದ ಮುಂದೆ ಮತದಾನದಿಂದ ದೂರ ಉಳಿದದ್ದು ಮಾತ್ರ ಆ ಚಪ್ಪಾಳೆಯ ನಡುವೆಯೂ ಚುಚ್ಚುತ್ತಿತ್ತು.

ಇನ್ನು ನನ್ನ ತಪ್ಪೊಪ್ಪಿಗೆ. ರಾತ್ರಿ ಪುಟ ಮುಗಿಸುವ ಅವಸರಕ್ಕೆಂದು ಕಂಪ್ಯೂಟರಿನಲ್ಲಿ ‘ಕಳವಳ’ ಎಂಬ ಹೆಸರಿನ ಒಂದು ಫೈಲ್ ಇಟ್ಟುಕೊಂಡಿದ್ದೆ. ಅದರಲ್ಲಿ ಸಿದ್ಧವಾದ ನಾಲ್ಕು ಸಾಲುಗಳಿದ್ದವು: ಇಂಥ ದೇಶದಲ್ಲಿ ದಾಳಿ ನಡೆದಿದೆ, ವಿಶ್ವಸಂಸ್ಥೆ ತೀವ್ರ ಕಳವಳ ವ್ಯಕ್ತಪಡಿಸಿದೆ, ಸಂಯಮಕ್ಕೆ ಕರೆ ನೀಡಿದೆ, ಪರಿಸ್ಥಿತಿಯನ್ನು ಸೂಕ್ಷ್ಮವಾಗಿ ಗಮನಿಸಲಾಗುತ್ತಿದೆ. ಕೆಲಸ ಬಿಡುವಾಗ ಪೆನ್‌ಡ್ರೈವಿನಲ್ಲಿ ಅದೂ ಮನೆಗೆ ಬಂದಿತ್ತು. ನಿನ್ನೆ ವಿಡಿಯೊ ಮುಗಿದ ಮೇಲೆ ಅದನ್ನು ಹುಡುಕಿ ತೆರೆದೆ. ದಾಳಿಗೊಳಗಾದ ದೇಶದ ಹೆಸರು ಬರೆಯಲು ಮೊದಲ ಸಾಲಿನಲ್ಲಿ ಚುಕ್ಕಿಗಳನ್ನಿಟ್ಟು ಜಾಗ ಬಿಟ್ಟಿದ್ದೆ. ಇನ್ನೊಂದು ಹೆಸರಿಗೆ ನಾಲ್ಕು ಸಾಲುಗಳಲ್ಲಿ ಎಲ್ಲಿಯೂ ಜಾಗ ಬಿಟ್ಟಿರಲಿಲ್ಲ.