ಮದುವೆ ಸಿಗಲಿಲ್ಲ

ಫೋಲ್ಡರ್ ಹೆಸರು ಕೊಟ್ಟರೆ ಸಾಕು, ಅದನ್ನು ಗಂಟು ಕಟ್ಟಿ, ಕುಗ್ಗಿಸಿ, ತಾರೀಖು ಅಂಟಿಸಿ ಇಡುವ ಪುಟ್ಟ ಶೆಲ್ ಸ್ಕ್ರಿಪ್ಟ್ (ಕಂಪ್ಯೂಟರಿಗೆ ಬರೆದಿಟ್ಟ ಆಜ್ಞೆಗಳ ಪಟ್ಟಿ) ಒಂದು ನನ್ನ ಲ್ಯಾಪ್‌ಟಾಪ್‌ನಲ್ಲಿದೆ. ಗಂಟು ಕಟ್ಟುವುದು ಟಾರ್ ಎಂಬ ಪ್ರೋಗ್ರಾಂ, 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಂ ಕಾಲದ ಹಿರಿಯ. ಕುಗ್ಗಿಸುವುದು 1992ರ ಜಿ-ಜಿಪ್. ಆಫೀಸಿನ ಲಾಗ್ ಫೈಲುಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ ನೋಡಿ, ಜಿ-ಜಿಪ್ ಅದನ್ನು ಪೂರ್ತಿ ಬರೆಯದೆ 'ಇಷ್ಟು ಹಿಂದೆ ಹೋಗಿ ನೋಡಿಕೋ' ಎಂದು ಗುರುತು ಹಾಕುತ್ತದೆ. ದೊಡ್ಡ ಫೈಲು ಚಿಟಿಕೆಯಷ್ಟಾಗುತ್ತದೆ.

ಇದನ್ನು ಭಾವನಿಗೆ ಹೇಳಿದೆ. ಮಗಳ ಮದುವೆ ಫೋಟೋಗಳ ಪೆನ್‌ಡ್ರೈವ್ ಹಿಡಿದು ಮರುದಿನವೇ ಬಂದರು. ಮೇಲ್‌ನಲ್ಲಿ ಕಳಿಸಬೇಕಂತೆ.

"ನಾನೇ ಮಾಡ್ತೀನಿ" ಎಂದು ಕೂತರು. ಹೆಸರು ಕೊಡದೆ ಎಂಟರ್ ಒತ್ತಿದರು. ಖಾಲಿ ಆರ್ಕೈವ್ (ಗಂಟು) ಮಾಡಲು 'ಹೇಡಿಯಂತೆ ನಿರಾಕರಿಸುತ್ತಿದ್ದೇನೆ' ಎಂದು ಟಾರ್ ಇಂಗ್ಲಿಷಿನಲ್ಲಿ ಹೇಳಿತು. ಸುಮ್ನೆ ಹೇಳ್ತಿಲ್ಲ, ಅದರ ಸಂದೇಶವೇ ಹಾಗಿದೆ.

"ಹೇಡಿ ಅಂದಿದ್ದು ಯಾರಿಗೆ?"

ಆಮೇಲೆ ಹೆಸರು ಟೈಪ್ ಮಾಡಿದರು: ಮದುವೆ ಫೋಟೋ ಫೈನಲ್ ಹೊಸದು. ಉದ್ಧರಣ ಚಿಹ್ನೆ ಇಲ್ಲದಿದ್ದರೆ, ನಮ್ಮ ಆಜ್ಞೆ ಓದುವ ಶೆಲ್ ಖಾಲಿ ಜಾಗ ಕಂಡಲ್ಲೆಲ್ಲ ಹೆಸರನ್ನು ತುಂಡರಿಸುತ್ತದೆ; ಅದಕ್ಕೆ ಅದು ಒಂದು ಫೋಲ್ಡರ್ ಅಲ್ಲ, ನಾಲ್ಕು. ಮದುವೆ: ಇಲ್ಲ. ಫೋಟೋ: ಇಲ್ಲ. ಫೈನಲ್: ಇಲ್ಲ. ಹೊಸದೂ ಇಲ್ಲ.

"ಮದುವೆ ಇಲ್ವಾ? ಎಂಟುನೂರು ಎಲೆ ಎತ್ತಿಸಿದ್ದೀನಿ ಕಣೋ!"

ಚಿಹ್ನೆ ಹಾಕಿ ಓಡಿಸಿದೆವು. ಫ್ಯಾನ್ ಬುಸುಗುಟ್ಟಿತು. ಕೊನೆಗೆ ಹೊರಬಂದ ಗಂಟು ಫೋಲ್ಡರಿನಷ್ಟೇ ದಪ್ಪ. ಫೋಟೋಗಳೆಲ್ಲ ಜೆಪೆಗ್. ಕ್ಯಾಮೆರಾದಲ್ಲೇ ಹಿಂಡಿಸಿಕೊಂಡು ಬಂದ ನಿಂಬೆಹಣ್ಣು, ಇನ್ನೇನು ರಸ ಬಂದೀತು? (ಜೆಪೆಗ್ ಮಾನದಂಡ ಬಂದದ್ದೂ 1992ರಲ್ಲೇ. ಓರಗೆಯವರು, ಆದರೆ ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಸಹಾಯವಿಲ್ಲ.)

ಭಾವ ಬಿಡಲಿಲ್ಲ. "ಒಂದೇ ಥರದ್ದು ಮತ್ತೆ ಮತ್ತೆ ಬಂದ್ರೆ ಕುಗ್ಗುತ್ತೆ ಅಂದೆ. ಇಲ್ಲಿ ನೋಡು, ಅದೇ ಹಾರ, ಅದೇ ಕುರ್ಚಿ, ಅದೇ ನಗು. ಪಕ್ಕದಲ್ಲಿ ನಿಂತ ನೆಂಟರು ಮಾತ್ರ ಬೇರೆ!"

ವಾದವೇನೋ ಚೆನ್ನಾಗಿತ್ತು. ಆದರೆ ನಮ್ಮ ಕಣ್ಣಿಗೆ ಒಂದೇ ಥರ ಕಾಣುವ ನಗು ಜಿ-ಜಿಪ್‌ಗೆ ಪ್ರತಿ ಸಲವೂ ಬೇರೆ ಬೇರೆ ಬೈಟುಗಳು. ಜಿಪ್ ಆದದ್ದನ್ನೇ ಇನ್ನೊಮ್ಮೆ ಜಿಪ್ ಮಾಡಿಸಿದರು. ಅದು ಒಂದಿಷ್ಟು ಬೈಟು ಜಾಸ್ತಿಯೇ ಆಯಿತು.

ಕಾಫಿ ತಂದ ಅಕ್ಕ ಗಂಡನನ್ನು ಎಬ್ಬಿಸಿ ತಾನು ಕೂತಳು. ಮೊದಲು ಮಸುಕಾದ ಫೋಟೋಗಳನ್ನು ಅಳಿಸಿದಳು. ಆಮೇಲೆ ಭಾವನ ಕಡೆಯ ನೆಂಟರನ್ನು. ಕಾಫಿ ಆರುವಷ್ಟರಲ್ಲಿ ಫೋಲ್ಡರ್ ಅರ್ಧಕ್ಕೆ ಇಳಿದಿತ್ತು.