ಸತ್ಯಾಂಶ: ಎಐ ಓದಿದರೆ ಪತ್ರಾಗಾರದವರ ಕೆಲಸ ಮುಗಿಯಿತೇ?

"ಹಳೆಯ ಕೈಬರಹವನ್ನೆಲ್ಲ ಎಐ ತಾನೇ ಓದುತ್ತದೆ, ಹಳೆಯ ದಾಖಲೆ ಕಾಯ್ದಿಡುವ ಪತ್ರಾಗಾರದವರು ಇನ್ನು ಬೇಡ" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ.

ನೆದರ್‌ಲ್ಯಾಂಡ್ಸ್‌ನ ಗ್ಲೋಬಲೈಸ್ ಯೋಜನೆಯನ್ನೇ ನೋಡಿ. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಸುಮಾರು 50 ಲಕ್ಷ ಪುಟಗಳನ್ನು ಅಲ್ಲಿ ಕಂಪ್ಯೂಟರ್ ಓದಿದೆ. ಮನುಷ್ಯರಿಂದ ಆಗದ ವೇಗ, ನಿಜ. ಆದರೆ ಅದಕ್ಕೆ ಓದಲು ಕಲಿಸಿದ್ದು ಯಾರು? ಆ ಕಾಲದ ಬರಹ ಬಲ್ಲವರು ಕೂತು, ಪುಟಗಟ್ಟಲೆ ಅಕ್ಷರಕ್ಷರ ನಕಲು ಮಾಡಿಕೊಟ್ಟರು. ಈಗಲೂ ಮಸಿ ಹರಡಿದ ಕಡೆ ಯಂತ್ರ ಎಡವುತ್ತದೆ. ಊರಿನ ಹೆಸರಂತೂ ಒಂದೊಂದು ಕಡೆ ಒಂದೊಂದು ತರ. ನಮ್ಮ ಕರಾವಳಿಯ ಬಸರೂರನ್ನು ಯುರೋಪಿನವರು ಬಾರ್ಸೆಲೋರ್ ಎನ್ನುತ್ತಿದ್ದರು. ಎರಡೂ ಒಂದೇ ಎಂದು ಜೋಡಿಸಲು ತಿಳಿದವರೇ ಬೇಕು, ಅಲ್ವಾ? ಯಾವ ಕಡತ ಉಳಿಸಬೇಕು, ಅದು ಯಾವ ಕಚೇರಿಯಿಂದ ಬಂತು ಎಂದು ನಿರ್ಧರಿಸಿ ಬರೆದಿಡುವುದೂ ಪತ್ರಾಗಾರದವರೇ.